ಕಾರಿನ ದೀಪಕ್ಕೂ ಕಲಾಯಿ ಉಂಟು

‘ಅಸೆಂಬ್ಲಿ ಬದಲಾಯಿಸಬೇಕು ಸರ್.’

ಈ ಒಂದು ವಾಕ್ಯದ ವಿರುದ್ಧ ವಾದಿಸುವುದಕ್ಕಾಗಿಯೇ ಇಂದಿನ ಬರಹ. ಮೂವತ್ತನಾಲ್ಕು ವರ್ಷ ವಿಜ್ಞಾನ ಮತ್ತು ಗಣಿತ ಪಾಠ ಹೇಳಿದ ನಾಲಿಗೆಗೆ ವಾದಿಸದೆ ಸುಮ್ಮನಿರುವುದು ಕಷ್ಟವೆಂಬುದು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಗೊತ್ತು. ಮನೆಯವರಿಗಂತೂ ಇನ್ನೂ ಚೆನ್ನಾಗಿ ಗೊತ್ತು. ಕಾರಿನ ಹೆಡ್‌ಲೈಟು ಮಸುಕಾಗಿ ಹಳದಿ ತಿರುಗಿತೆಂದು ಹೇಳಿದೊಡನೆ ಸರ್ವೀಸ್ ಸೆಂಟರಿನ ಎ.ಸಿ. ಕೋಣೆಯಲ್ಲಿ ಕುಳಿತ ಯುವಕ ಮೇಲಿನ ವಾಕ್ಯವನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ. ಅಸೆಂಬ್ಲಿ ಎಂದರೆ ದೀಪದ ಇಡೀ ಪೆಟ್ಟಿಗೆ: ಹೊರಗಿನ ಪಾರದರ್ಶಕ ಮುಚ್ಚಳ, ಒಳಗಿನ ಹೊಳೆಯುವ ಪ್ರತಿಫಲಕ, ಬಲ್ಬು ಕೂರುವ ಗೂಡು, ಬೆಳಕಿನ ದಿಕ್ಕನ್ನು ಹೊಂದಿಸುವ ತಿರುಪು, ಎಲ್ಲವೂ ಸೇರಿ ಒಂದು. ಇವುಗಳಲ್ಲಿ ಕೆಟ್ಟಿರುವುದು ಯಾವುದು? ಮುಚ್ಚಳದ ಹೊರಮೈಯಲ್ಲಿ ಕೂದಲೆಳೆಗಿಂತಲೂ ತೆಳುವಾದ ಒಂದು ಪದರ. ಅಷ್ಟಕ್ಕಾಗಿ ಇಡೀ ಪೆಟ್ಟಿಗೆಯನ್ನು ಕಿತ್ತು ಗುಜರಿಗೆ ಹಾಕಿ, ಅದೇ ಬಗೆಯ ಇನ್ನೊಂದು ಪೆಟ್ಟಿಗೆಯನ್ನು ಕೂರಿಸಬೇಕಂತೆ!

ನಾಲ್ಕು ವರ್ಷಗಳ ಹಿಂದೆ ನಾನು ಮಣಿಪಾಲದಲ್ಲಿ ಎರಡೂ ಕಣ್ಣುಗಳ ಪೊರೆ ತೆಗೆಸಿಕೊಂಡೆ. ಕಣ್ಣಿನ ಪೊರೆಯಲ್ಲಿ ಕೆಡುವುದು ಒಳಗಿನ ಮಸೂರ. ಆದ್ದರಿಂದ ವೈದ್ಯರು ಆ ಮಸೂರವೊಂದನ್ನೇ ತೆಗೆದು ಹೊಸದನ್ನು ಇಟ್ಟರು. ಕಣ್ಣನ್ನೇ ಕಿತ್ತು ಬೇರೆ ಕಣ್ಣು ಇಡುತ್ತೇನೆಂದು ಯಾವ ವೈದ್ಯರೂ ಹೇಳಲಿಲ್ಲ. ಕಾರಿನ ವೈದ್ಯರು ಮಾತ್ರ ಕಣ್ಣನ್ನೇ ಕೀಳಲು ಹೊರಟಿದ್ದಾರೆ, ಅದೂ ಮಸೂರದ ಒಳಗೇನೂ ಕೆಡದೆ, ಹೊರಮೈ ಮಾತ್ರ ಮಾಸಿರುವಾಗ.

ನನ್ನದು 2011ರ ಸಣ್ಣ ಕಾರು. ಅಂಗಳದಲ್ಲಿ ನಿಲ್ಲುತ್ತದೆ, ಮೇಲೆ ತಗಡಿನ ಮಾಡು ಇಲ್ಲ. ಎರಡೂ ದೀಪಗಳಿಗೆ ಸೇರಿ ಹನ್ನೊಂದು ಸಾವಿರದ ನಾನೂರು ರೂಪಾಯಿಯ ಅಂದಾಜು ಪಟ್ಟಿ ಕೈಗೆ ಬಂತು. ಯಾವ ಸರ್ವೀಸ್ ಸೆಂಟರ್ ಎಂದು ಕೇಳಬೇಡಿ, ಹೇಳುವುದಿಲ್ಲ. ಆ ಹುಡುಗನಿಗೆ ಕಲಿಸಿದ್ದನ್ನು ಅವನು ಹೇಳಿದ, ಅಷ್ಟೆ. ‘ತಿಕ್ಕಿ ಸರಿಮಾಡಲು ಆಗುವುದಿಲ್ಲವೆ?’ ಎಂದು ಕೇಳಿದೆ. ‘ಅದೆಲ್ಲ ನಿಲ್ಲುವುದಿಲ್ಲ ಸರ್’ ಎಂದ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ, ಆ ಅರ್ಧದ ವಿಚಾರಕ್ಕೆ ಮುಂದೆ ಬರುತ್ತೇನೆ. ಬೆಂಗಳೂರಿನಲ್ಲಿರುವ ತಮ್ಮನ ಮಗ ಫೋನಿನಲ್ಲಿ ಇನ್ನೂ ಸುಲಭದ ದಾರಿ ಹೇಳಿದ: ‘ದೊಡ್ಡಪ್ಪ, ದೀಪ ಯಾಕೆ, ಕಾರನ್ನೇ ಬದಲಾಯಿಸಿ.’ ಅವನಿಗೂ ಇದು ಉತ್ತರವೆಂದು ತಿಳಿಯತಕ್ಕದ್ದು.

ಮೊದಲು ಈ ಕಾಯಿಲೆ ಎಲ್ಲಿಂದ ಬಂತೆಂದು ನೋಡೋಣ. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಕಾರುಗಳ ಗುಂಡನೆಯ ಕಣ್ಣುಗಳನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಅವು ಗಾಜಿನವು. ಕಲ್ಲು ಬಡಿದರೆ ಒಡೆಯುತ್ತಿದ್ದವು, ಮಸುಕಾಗುತ್ತಿರಲಿಲ್ಲ. ಇಪ್ಪತ್ತು ವರ್ಷದ ಅಂಬಾಸಿಡರ್ ತುಕ್ಕು ಹಿಡಿದು ನಿಂತಿದ್ದರೂ ದೀಪದ ಗಾಜು ತಿಳಿಯಾಗಿಯೇ ಇರುತ್ತಿತ್ತು. ಆಮೇಲೆ ಕಾರಿನ ಮುಖಕ್ಕೆ ತಕ್ಕಂತೆ ಬಾಗಿದ, ಹಗುರವಾದ, ಒಡೆಯದ ದೀಪಗಳು ಬೇಕಾದವು. ಗಾಜಿನ ಜಾಗಕ್ಕೆ ಪಾಲಿಕಾರ್ಬೊನೇಟ್ ಬಂತು. 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಡ್ಯಾನಿಯಲ್ ಫಾಕ್ಸ್ ಒಬ್ಬರನ್ನೊಬ್ಬರು ಅರಿಯದೆ ಕೆಲವೇ ದಿನಗಳ ಅಂತರದಲ್ಲಿ ಕಂಡುಹಿಡಿದ ವಸ್ತುವಿದು. ನಿಮ್ಮ ಹಳೆಯ ಸಿ.ಡಿ.ಗಳು ಇದರಿಂದಲೇ ಆದವು. ಸುತ್ತಿಗೆಯ ಪೆಟ್ಟನ್ನು ತಾಳಿಕೊಳ್ಳುವ ಈ ಪ್ಲಾಸ್ಟಿಕ್ಕಿಗೆ ಎರಡು ದೌರ್ಬಲ್ಯಗಳು: ಉಗುರಿನಷ್ಟು ಸಣ್ಣ ಗೀರಿಗೂ ಸೋಲುತ್ತದೆ, ಬಿಸಿಲಿನ ಅತಿನೇರಳೆ ಕಿರಣಕ್ಕೂ ಸೋಲುತ್ತದೆ. ಆ ಕಿರಣ ಅದರ ಅಣುಗಳ ಬಂಧವನ್ನು ಮುರಿಯುತ್ತದೆ, ಮುರಿದ ತುದಿಗಳು ಗಾಳಿಯ ಆಮ್ಲಜನಕದೊಡನೆ ಸೇರುತ್ತವೆ, ಮೈ ಹಳದಿಯಾಗುತ್ತದೆ. ಇದು ತಯಾರಕರಿಗೆ ಮೊದಲಿನಿಂದಲೂ ಗೊತ್ತು. ಆದ್ದರಿಂದ ಕಾರ್ಖಾನೆಯಲ್ಲಿಯೇ ಅದರ ಮೇಲೊಂದು ಗಟ್ಟಿಯಾದ, ಕಿರಣವನ್ನು ತಡೆಯುವ ಲೇಪವನ್ನು ಹಚ್ಚಿ ಕಳುಹಿಸುತ್ತಾರೆ. ಕೆಲವು ವರ್ಷಗಳ ಬಿಸಿಲು, ಹೆದ್ದಾರಿಯ ಮರಳು, ಒಣಬಟ್ಟೆಯ ಉಜ್ಜುವಿಕೆ ಸೇರಿ ಆ ಲೇಪ ಸವೆಯುತ್ತದೆ, ಬಿರಿಯುತ್ತದೆ, ಸಿಪ್ಪೆ ಏಳುತ್ತದೆ. ಕೆಟ್ಟದ್ದು ಆ ಲೇಪ.

ನಮ್ಮ ಊರಿನವರು ಇದಕ್ಕೆ ಉಪ್ಪುಗಾಳಿಯೇ ಕಾರಣವೆಂದು ಹೇಳಿ ಮುಗಿಸಿಬಿಡುತ್ತಾರೆ. ಕರಾವಳಿಯಲ್ಲಿ ಏನೇ ಕೆಟ್ಟರೂ ಅಪರಾಧಿ ಉಪ್ಪುಗಾಳಿ. ಸೊಸೆಯ ಅಡುಗೆಯೊಂದನ್ನು ಬಿಟ್ಟು! ತಗಡಿಗೆ ತುಕ್ಕು ಹಿಡಿಸುವುದರಲ್ಲಿ ಅದರ ಪಾಲು ದೊಡ್ಡದೆಂಬುದು ನಿಜ. ದೀಪದ ವಿಷಯದಲ್ಲಿ ಮುಖ್ಯ ಅಪರಾಧಿ ಬಿಸಿಲು. ನನ್ನ ಕಾರೇ ಸಾಕ್ಷಿ. ಅಂಗಳದಲ್ಲಿ ಅದರ ಬಲದೀಪದ ಮೇಲೆ ಹಲಸಿನ ಮರದ ನೆರಳು ಬೀಳುತ್ತದೆ, ಎಡದೀಪ ಪಡುವಣದ ಬಿಸಿಲಿಗೆ ತೆರೆದಿರುತ್ತದೆ. ಎರಡಕ್ಕೂ ಒಂದೇ ಗಾಳಿ, ಒಂದೇ ಉಪ್ಪು, ಒಂದೇ ವಯಸ್ಸು. ಎಡದ್ದು ಅರಸಿನದ ನೀರಿನಂತಾಗಿತ್ತು, ಬಲದ್ದು ಬರಿಯ ಮಂಜು ಹಿಡಿದಂತಿತ್ತು. ಕಾಪುವಿನ ದೀಪಸ್ತಂಭ 1901ರಿಂದ ಕಡಲಿಗೆ ಎದೆಯೊಡ್ಡಿ ಬಂಡೆಯ ಮೇಲೆ ನಿಂತಿದೆ. ಅಂಥ ಕಡೆ ಗಾಜಿನ ಮೇಲೆ ಉಪ್ಪು ಕೂರುತ್ತದೆ, ಒರೆಸಿದರೆ ಹೋಗುತ್ತದೆ. ಉಪ್ಪು ಕೂತಿತೆಂದು ಯಾರೂ ದೀಪಸ್ತಂಭದ ‘ಅಸೆಂಬ್ಲಿ’ ಬದಲಾಯಿಸಿದ್ದನ್ನು ನಾನು ಕೇಳಿಲ್ಲ.

ಲೇಪ ಸವೆದರೆ ಏನು ಮಾಡಬೇಕೆಂಬುದು ನಮ್ಮ ಅಜ್ಜಿಯಂದಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿತ್ತಾಳೆಯ ಪಾತ್ರೆಯ ಒಳಮೈಯ ಕಲಾಯಿ ಹೋದರೆ ಹುಳಿ ಪದಾರ್ಥ ಕಿಲುಬುತ್ತದೆ. ಆಗ ಪಾತ್ರೆಯನ್ನು ಬಾವಿಗೆ ಎಸೆಯುತ್ತಿದ್ದರೆ? ಕಲಾಯಿಯವನು ಬರುವುದನ್ನು ಕಾಯುತ್ತಿದ್ದರು. ನಮ್ಮ ಓಣಿಗೆ ಮಳೆ ಬಿಟ್ಟ ಮೇಲೆ ಒಬ್ಬ ಬರುತ್ತಿದ್ದ. ಅಂಗಳದ ಮೂಲೆಯಲ್ಲಿ ಸಣ್ಣ ಗುಂಡಿ ತೋಡಿ, ತಿದಿ ಹೂಡಿ, ಇದ್ದಿಲಿನ ಬೆಂಕಿಯಲ್ಲಿ ಪಾತ್ರೆಯನ್ನು ಕಾಯಿಸುತ್ತಿದ್ದ. ಅದಕ್ಕೂ ಮೊದಲು ಹಳೆಯದೆಲ್ಲ ಹೋಗುವಂತೆ ಒಳಮೈಯನ್ನು ತಿಕ್ಕಿ ತೊಳೆಯುವ ಕೆಲಸ. ನಮಗೆ ಮಕ್ಕಳಿಗೆ ಅದು ಬೇಸರದ ಭಾಗ, ಆದರೆ ಅವನು ಹೆಚ್ಚು ಹೊತ್ತು ಕಳೆಯುತ್ತಿದ್ದುದು ಅಲ್ಲಿಯೇ. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದಾಗ ಬಿಳಿಯ ಹೊಗೆ ಭುಗಿಲೆಂದು ಏಳುತ್ತಿತ್ತು. ತವರದ ಕಡ್ಡಿಯನ್ನು ತಾಗಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆಯೊಳಗೆ ಬೆಳ್ದಿಂಗಳು. ಎರಡು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕಾಗುತ್ತಿತ್ತು. ‘ಅದೆಲ್ಲ ನಿಲ್ಲುವುದಿಲ್ಲ’ ಎಂದು ಯಾರೂ ದೂರಲಿಲ್ಲ. ನಿಲ್ಲುವುದಿಲ್ಲವೆಂದೇ ಅವನು ಮತ್ತೆ ಬರುತ್ತಿದ್ದುದು, ನಾವು ಮತ್ತೆ ಹಾಕಿಸುತ್ತಿದ್ದುದು. ಅದೇ ಪಾತ್ರೆ ಈಗಲೂ ನಮ್ಮ ಮನೆಯಲ್ಲಿ ಉಂಟು.

ಹೆಡ್‌ಲೈಟಿನ ಲೇಪ ಹೀಗೆಯೇ ಒಂದು ಕಲಾಯಿ. ಈ ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎರಡು ಬಗೆಯ ಮೋಸಗಳಿಂದ ಒಟ್ಟಿಗೆ ಪಾರಾಗಬಹುದು. ಒಂದು, ಪಾತ್ರೆಯನ್ನೇ ಎಸೆಯಿರೆನ್ನುವ ಮೋಸ. ಇನ್ನೊಂದು, ಕಲಾಯಿಯಿಲ್ಲದೆ ಬರಿದೆ ತಿಕ್ಕಿದರೆ ಸಾಕೆನ್ನುವ ಮೋಸ. ಟೂತ್‌ಪೇಸ್ಟಿನಿಂದ ತಿಕ್ಕಿ ಹತ್ತು ನಿಮಿಷದಲ್ಲಿ ದೀಪವನ್ನು ಹೊಳೆಯಿಸುವ ವಿಡಿಯೋಗಳನ್ನು ನಿಮ್ಮಲ್ಲಿ ಹಲವರು ನನಗೆ ವಾಟ್ಸಾಪಿನಲ್ಲಿ ಕಳುಹಿಸಿದ್ದೀರಿ. ಟೂತ್‌ಪೇಸ್ಟಿನಲ್ಲಿ ನುಣ್ಣನೆಯ ಉಜ್ಜುಪುಡಿ ಇದೆ, ಹಾಗಾಗಿ ಹೊಳೆಯುವುದು ಸುಳ್ಳಲ್ಲ. ಆದರೆ ತಿಕ್ಕಿದ ಮೇಲೆ ಉಳಿಯುವುದು ರಕ್ಷಣೆಯಿಲ್ಲದ ಬೆತ್ತಲೆ ಪ್ಲಾಸ್ಟಿಕ್ಕು. ಒಂದೆರಡು ತಿಂಗಳ ಬಿಸಿಲಿಗೆ ಅದು ಮತ್ತೆ ಹಳದಿಯಾಗುತ್ತದೆ. ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಒರೆಸುವ ವಿಡಿಯೋ ಇನ್ನೂ ಅಪಾಯದ್ದು. ಅದರಲ್ಲಿರುವ ರಾಸಾಯನಿಕ ಪ್ಲಾಸ್ಟಿಕ್ಕಿನ ಮೈಯನ್ನೇ ಕರಗಿಸುತ್ತದೆ. ಸರ್ವೀಸ್ ಸೆಂಟರಿನ ಹುಡುಗ ಹೇಳಿದ ಅರ್ಧ ಸತ್ಯ ಇದು: ಬರಿದೆ ತಿಕ್ಕಿದ್ದು ನಿಲ್ಲುವುದಿಲ್ಲ. ಉಳಿದ ಅರ್ಧವನ್ನು ಅವನು ಹೇಳಲಿಲ್ಲ: ತಿಕ್ಕಿ ಲೇಪ ಹಚ್ಚಿದರೆ ನಿಲ್ಲುತ್ತದೆ.

ನಿಮ್ಮ ದೀಪ ಸರಿಮಾಡಲು ಯೋಗ್ಯವೋ ಅಲ್ಲವೋ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ಒಂದು ಚೊಂಬು ನೀರು ಸಾಕು. ಮಸುಕಾದ ದೀಪದ ಮೇಲೆ ನೀರು ಹೊಯ್ದು, ಒದ್ದೆಯಿರುವಾಗಲೇ ನೋಡಿ. ತಟ್ಟನೆ ತಿಳಿಯಾದಂತೆ ಕಂಡರೆ ದೋಷ ಹೊರಮೈಯದ್ದು. ಒಂಬತ್ತನೆಯ ತರಗತಿಯಲ್ಲಿ ಉಜ್ಜಿದ ಗಾಜಿನ ಮೇಲೆ ನೀರಿನ ಹನಿ ಬಿಟ್ಟು ಆಚೆಯ ಅಕ್ಷರವನ್ನು ಓದಿಸಿದ್ದು ನಿಮಗೆ ನೆನಪಿರಬಹುದು. ಗೀರುಗಳ ಏರುತಗ್ಗಿನಲ್ಲಿ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ. ನೀರು ಆ ತಗ್ಗುಗಳನ್ನು ತುಂಬಿ ಮೇಲ್ಮೈಯನ್ನು ಸಮಗೊಳಿಸುತ್ತದೆ, ಬೆಳಕು ನೇರವಾಗಿ ಹಾಯುತ್ತದೆ. ಕಾರು ತೊಳೆಯುವಾಗ ದೀಪ ಚೆನ್ನಾಗಿಯೇ ಇದೆಯಲ್ಲ ಎನಿಸುವುದೂ ಒಣಗಿದ ಮೇಲೆ ಮತ್ತೆ ಮಂಕಾಗುವುದೂ ಇದೇ ಕಾರಣಕ್ಕೆ. ನೀರು ಹೊಯ್ದರೂ ಮಸುಕು ಹಾಗೆಯೇ ಇದ್ದರೆ, ಅಥವಾ ಒಳಗೆ ಹನಿಗಳು ಕಾಣಿಸಿದರೆ ರೋಗ ಬೇರೆ. ಸೀಲು ಬಿಟ್ಟಿರಬಹುದು, ಪ್ರತಿಫಲಕದ ಬೆಳ್ಳಿಬಣ್ಣ ಹೋಗಿರಬಹುದು. ಅಲ್ಲಿ ತಿಕ್ಕಿ ಫಲವಿಲ್ಲ.

ನನ್ನ ಕಾರಿನ ಕೆಲಸ ನಡೆದದ್ದು 2023ರ ಡಿಸೆಂಬರಿನಲ್ಲಿ, ಕಟಪಾಡಿಯ ಸಮೀಪದ ಒಂದು ಪೈಂಟಿಂಗ್ ಶೆಡ್ಡಿನಲ್ಲಿ. ಶೆಡ್ಡಿನವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಹಾಕಬೇಡಿ ಎಂದಿದ್ದಾನೆ, ಹಾಕುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಬೀಜಗಣಿತ ಅವನನ್ನು ಸೋಲಿಸಿತ್ತೆಂಬುದನ್ನೂ ಬರೆಯುವುದಿಲ್ಲ. ದೀಪದ ಸುತ್ತ ಬಣ್ಣಕ್ಕೆ ತಾಗದಂತೆ ಮಾಸ್ಕಿಂಗ್ ಟೇಪನ್ನು ಎರಡು ಸುತ್ತು ಅಂಟಿಸಿದ. ಬಳಿಕ ವಾಟರ್ ಪೇಪರ್, ಬಾಲ್ದಿಯಲ್ಲಿ ನೀರು. ಮೊದಲು 600 ನಂಬರಿನದು. ಅದರಿಂದ ತಿಕ್ಕುವಾಗ ಹಳದಿಯ ಹಾಲಿನಂಥ ನೀರು ಇಳಿಯಿತು. ಅದೇ ಕೊಳೆತ ಲೇಪ. ನೀರು ಬೆಳ್ಳಗಾಗುವವರೆಗೆ ಬಿಡಲಿಲ್ಲ. ‘ಸರ್, ಎಲ್ಲರೂ ತಪ್ಪುವುದು ಇಲ್ಲಿಯೇ. ಹಳೆಯದು ಒಂದು ಚೂರು ಉಳಿದರೂ ಹೊಸದು ಅಲ್ಲಿಂದಲೇ ಏಳುತ್ತದೆ’ ಎಂದ. ನನಗೆ ಕಲಾಯಿಯವನ ನೆನಪಾಯಿತು. ಬಳಿಕ 800, 1000, 1500. ಪ್ರತಿ ನಂಬರಿಗೂ ದಿಕ್ಕು ಬದಲು: ಒಮ್ಮೆ ಅಡ್ಡ, ಒಮ್ಮೆ ಉದ್ದ. ಹಿಂದಿನ ಕಾಗದದ ಗೀರು ಮುಂದಿನ ಕಾಗದದಲ್ಲಿ ಪೂರ್ತಿ ಅಳಿದಿದೆಯೇ ಎಂದು ಗೊತ್ತಾಗುವುದು ಹಾಗೆ.

ಕಾರ್ಕಳದವರಿಗೆ ಈ ಕ್ರಮವನ್ನು ವಿವರಿಸಬೇಕಾಗಿಲ್ಲ. 1432ರ ಗೊಮ್ಮಟನ ಊರು ಅದು; ಧರ್ಮಸ್ಥಳದ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕಡೆದದ್ದೂ ಕಾರ್ಕಳದಲ್ಲಿಯೇ. ಕಲ್ಲಿಗೆ ಹೊಳಪು ಬರುವುದು ಒರಟಿನಿಂದ ನಯಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋದರೆ ಮಾತ್ರ, ಒಂದು ಮೆಟ್ಟಿಲು ಹಾರಿದರೆ ಗೀರು ಕೊನೆಯವರೆಗೂ ಉಳಿಯುತ್ತದೆ. ಪ್ಲಾಸ್ಟಿಕ್ಕಿಗೂ ಅದೇ ನಿಯಮ.

1500 ಮುಗಿದಾಗ ದೀಪ ಮೊದಲಿಗಿಂತಲೂ ಮಂಕಾಗಿ, ಹಾಲುಗಾಜಿನಂತೆ ಕಾಣುತ್ತಿತ್ತು. ನೋಡುವವರಿಗೆ ಎದೆ ಧಸಕ್ಕೆನ್ನುವ ಗಳಿಗೆ ಅದು. ಅವನು ಮಾತ್ರ ಪಾಲಿಷ್ ಮಾಡಲಿಲ್ಲ. ತೀರ ನುಣುಪಾದರೆ ಲೇಪಕ್ಕೆ ಹಿಡಿದುಕೊಳ್ಳಲು ಆಧಾರವಿರುವುದಿಲ್ಲವಂತೆ. ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿದ. ಥಿನ್ನರನ್ನು ಹತ್ತಿರಕ್ಕೂ ತರಲಿಲ್ಲ. ಪಾಲಿಕಾರ್ಬೊನೇಟಿಗೆ ಅದು ತಾಗಿದರೆ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಆಮೇಲೆ ಮುಖಕ್ಕೆ ಮಾಸ್ಕು ಕಟ್ಟಿ, ಹಾರ್ಡ್‌ನರ್ ಬೆರೆಸಿದ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟನ್ನು ಗನ್ನಿನಿಂದ ಮೂರು ತೆಳುವಾದ ಸುತ್ತು ಹೊಡೆದ. (ಈ ಹಾರ್ಡ್‌ನರಿನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯ ಜಗಲಿಯಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಮಾಡುವ ಕೆಲಸ ಇದಲ್ಲ.) ಮೊದಲ ಸುತ್ತು ಬಿದ್ದೊಡನೆ ಹಾಲುಗಾಜು ಮಾಯವಾಗಿ ಒಳಗಿನ ಪ್ರತಿಫಲಕ ಕಾಣಿಸಿತು. ಚೊಂಬಿನ ನೀರು ಮಾಡಿದ ಕೆಲಸವನ್ನೇ ಲೇಪ ಮಾಡಿತು, ಒಣಗಿಹೋಗದ ನೀರಿನಂತೆ. ಎರಡು ಗಂಟೆಯ ಕೆಲಸ, ಮರುದಿನದವರೆಗೆ ಒಣಗಲು ಬಿಡುವುದು, ಎರಡೂ ದೀಪಕ್ಕೆ ₹1,200. ತೆಗೆದುಕೊಳ್ಳುವುದಿಲ್ಲವೆಂದು ಹಟ ಹಿಡಿದ. ಬೀಜಗಣಿತದ ವಿಚಾರ ಎತ್ತುತ್ತೇನೆಂದ ಮೇಲೆ ತೆಗೆದುಕೊಂಡ.

ಇನ್ನು ಎದುರುವಾದಕ್ಕೆ ಬರುತ್ತೇನೆ. ಹೊಸ ಅಸೆಂಬ್ಲಿಯ ಪರವಾಗಿ ಹೇಳಬಹುದಾದ ನಿಜವಾದ ಮಾತೊಂದಿದೆ, ಅದನ್ನು ಬಚ್ಚಿಟ್ಟರೆ ನನ್ನ ವಾದಕ್ಕೆ ಬೆಲೆಯಿಲ್ಲ. ಅಮೆರಿಕದ ವಾಹನ ಸವಾರರ ಸಂಘವಾದ ಎಎಎ 2018ರಲ್ಲಿ ಇದನ್ನು ಅಳೆದು ನೋಡಿತು. ಮಸುಕಾದ ದೀಪ ಹೊಸ ದೀಪದ ಸುಮಾರು 20 ಶೇಕಡಾ ಬೆಳಕನ್ನು ಮಾತ್ರ ಕೊಡುತ್ತದೆ. ಕಂಪನಿಯ ಅಸಲಿ ದೀಪವನ್ನು ಹಾಕಿದರೆ 100 ಶೇಕಡಾ ಮರಳುತ್ತದೆ. ಬೇರೆಯವರು ತಯಾರಿಸಿದ ಬದಲಿ ದೀಪ ಹಾಕಿದರೆ 83ರಿಂದ 90. ತಿಕ್ಕಿ ಸರಿಮಾಡಿದರೆ ಸುಮಾರು 70. ಅಂದರೆ ಹೊಸದೇ ಉತ್ತಮ. ಒಪ್ಪಿದೆ. ಹನ್ನೊಂದು ಸಾವಿರ ಕೊಡುವ ಶಕ್ತಿಯೂ ಮನಸ್ಸೂ ಇರುವವರು ಧಾರಾಳವಾಗಿ ಹಾಕಿಸಿಕೊಳ್ಳಲಿ.

ಆದರೆ ರಸ್ತೆಯಲ್ಲಿ ನಡೆಯುತ್ತಿರುವುದು 100 ಮತ್ತು 70ರ ನಡುವಿನ ಆಯ್ಕೆಯಲ್ಲ. ಮಲ್ಪೆಯಿಂದ ಬೆಳಗಿನ ಜಾವ ಮೂರೂವರೆಗೆ ಮೀನು ಹೊತ್ತು ಹೊರಡುವ ಟೆಂಪೊದವನನ್ನು, ಕಾರ್ಕಳದ ಸ್ಟ್ಯಾಂಡಿನಲ್ಲಿ ಬಾಡಿಗೆಗೆ ಕಾಯುವ ಕಾರಿನವನನ್ನು, ಪಿಂಚಣಿಯಲ್ಲಿ ಬದುಕುವ ನನ್ನಂಥವರನ್ನು ಕೇಳಿ ನೋಡಿ. ‘ಹನ್ನೊಂದು ಸಾವಿರ’ ಎಂದ ಕೂಡಲೆ ಅವರು ಕೊಡುವ ಉತ್ತರ ‘ಮುಂದಿನ ಸರ್ವೀಸಿಗೆ ನೋಡೋಣ.’ ಮುಂದಿನ ಸರ್ವೀಸಿಗೂ ಅದೇ ಉತ್ತರ. ಮಸುಕಾದದ್ದು ಅಪಘಾತವಲ್ಲ, ಸವಕಳಿ. ಹಾಗಾಗಿ ವಿಮೆಯೂ ಕೊಡುವುದಿಲ್ಲ. ‘ಅಸೆಂಬ್ಲಿ ಬದಲಾಯಿಸಬೇಕು’ ಎಂಬ ಸಲಹೆ ಹೆಚ್ಚಿನವರ ಪಾಲಿಗೆ ಬದಲಾವಣೆಯಲ್ಲಿ ಮುಗಿಯುವುದೇ ಇಲ್ಲ. ಅದು ಮುಗಿಯುವುದು ಆ 20ರಲ್ಲಿ. ಬೇರೆ ದಾರಿ ಉಂಟೆಂದು ಹೇಳದೆ ಇರುವುದರಿಂದ ಎಷ್ಟು ಕುರುಡು ದೀಪಗಳು ರಾತ್ರಿ ರಸ್ತೆಯಲ್ಲಿ ಓಡುತ್ತಿವೆ! ನನ್ನ ಸಿಟ್ಟು ಇರುವುದು ಇಲ್ಲಿ, ಹಣದ ಲೆಕ್ಕದಲ್ಲಿ ಅಲ್ಲ. ₹1,200ಕ್ಕೆ 70 ಸಿಗುವುದನ್ನು ಮುಚ್ಚಿಟ್ಟು 100ರ ಆಸೆ ತೋರಿಸಿ ಜನರನ್ನು 20ರಲ್ಲಿ ಬಿಡುವುದು ಯಾವ ನ್ಯಾಯ?

ಕಾರ್ಕಳದಿಂದ ಬೈಲೂರು, ಹಿರಿಯಡ್ಕ, ಪರ್ಕಳದ ಮೇಲಾಗಿ ಮಣಿಪಾಲಕ್ಕೆ ರಾತ್ರಿ ಬಂದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಕೆಲವೆಡೆ ಎರಡೂ ಬದಿಗೆ ಮರ, ಬೀದಿದೀಪವಿಲ್ಲ, ತಿರುವಿನ ಆಚೆಗೆ ಕತ್ತಲು. ಆಟ ಮುಗಿಸಿ, ಕೋಲ ನೋಡಿ, ಜನ ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಾರೆ. ಜನವರಿಯಲ್ಲಿ ಅತ್ತೂರಿನ ಜಾತ್ರೆಗೆ ನಡೆದು ಹೋಗುವವರ ಸಾಲು. ಅವರ ಕೈಯಲ್ಲಿ ಟಾರ್ಚು ಇರುವುದಿಲ್ಲ, ಮೈಮೇಲೆ ಹೊಳೆಯುವ ಪಟ್ಟಿಯೂ ಇರುವುದಿಲ್ಲ; ಅವರನ್ನು ಕಾಣುವ ಹೊಣೆ ಪೂರ್ತಿ ನಮ್ಮ ದೀಪದ್ದು. ಮಳೆಗಾಲದಲ್ಲಿ ಒದ್ದೆಯ ಡಾಂಬರು ಇರುವ ಬೆಳಕನ್ನೂ ನುಂಗುತ್ತದೆ. ದೀಪ ಸರಿಯಾಗುವ ಮೊದಲಿನ ತಿಂಗಳುಗಳಲ್ಲಿ ನಾನು ಈ ದಾರಿಯಲ್ಲಿ ರಾತ್ರಿ ಗಾಡಿ ಬಿಡುವುದನ್ನೇ ನಿಲ್ಲಿಸಿದ್ದೆ. ಬಾಡಿಗೆ ಓಡಿಸಿ ಹೊಟ್ಟೆ ಹೊರೆಯುವವನು ನಿಲ್ಲಿಸಬಲ್ಲನೆ?

ಅವನು ಮಾಡುವುದು ಬೇರೆಯದೇ ಒಂದು ಉಪಾಯ, ಅದು ಇನ್ನೂ ಕೆಟ್ಟದ್ದು. ಬೆಳಕು ಸಾಲದೆಂದು ಹೆಚ್ಚು ವಾಟಿನ ಬಲ್ಬು ಹಾಕಿಸುತ್ತಾನೆ. ಹ್ಯಾಲೊಜನ್ ದೀಪದ ಸಾಮಾನ್ಯ ಎಚ್4 ಬಲ್ಬು 60/55 ವಾಟಿನದು; ಅಂಗಡಿಯಲ್ಲಿ 100/90 ವಾಟಿನದೂ ಸಿಗುತ್ತದೆ, ಬಿಳಿಯ ಎಲ್‌ಇಡಿ ಬಲ್ಬುಗಳೂ ಸಿಗುತ್ತವೆ. ಮಸುಕಾದ ಮುಚ್ಚಳದ ಹಿಂದೆ ಬೆಳಕು ಹೆಚ್ಚಿದರೆ ಚದುರುವುದೂ ಹೆಚ್ಚುತ್ತದೆ. ರಸ್ತೆಗೆ ಬೀಳಬೇಕಾದದ್ದು ಎದುರಿನವನ ಕಣ್ಣಿಗೆ ಬೀಳುತ್ತದೆ. ಪೊರೆ ಬೆಳೆಯುತ್ತಿರುವ ವಯಸ್ಸಿನವರಿಗೆ ಎದುರಿನ ಇಂಥ ಒಂದು ದೀಪ ಸಾಕು, ಮೂರು ನಾಲ್ಕು ಸೆಕೆಂಡು ರಸ್ತೆಯೇ ಕಾಣಿಸುವುದಿಲ್ಲ. ಹೆಚ್ಚಿನ ಬಿಸಿಗೆ ದೀಪದ ಒಳಗಿನ ಭಾಗಗಳೂ ಬಾಡುತ್ತವೆ. ಹುಡುಗರೇ, ನಿಮ್ಮಲ್ಲಿ ಯಾರಾದರೂ ಹೀಗೆ ಹಾಕಿಸಿದ್ದರೆ ಇವತ್ತೇ ತೆಗೆಸಿ. ಇದನ್ನು ವಿನಂತಿಯೆಂದು ತಿಳಿಯಬೇಡಿ, ಹಳೆಯ ಧ್ವನಿಯಲ್ಲಿಯೇ ಹೇಳುತ್ತಿದ್ದೇನೆ.

ಸರ್ವೀಸ್ ಸೆಂಟರುಗಳು ಯಾಕೆ ಹೇಳುವುದಿಲ್ಲ? ತಿಕ್ಕುವುದಕ್ಕೆ ಎರಡು ಗಂಟೆಯ ಕೈಕೆಲಸ ಬೇಕು. ಕೈಕೆಲಸ ಬಲ್ಲವನು ಬೇಕು. ಪೆಟ್ಟಿಗೆ ಬದಲಾಯಿಸಲು ನಾಲ್ಕು ಬೋಲ್ಟು, ಅರ್ಧ ಗಂಟೆ, ಬಿಡಿಭಾಗದ ಮೇಲೆ ಲಾಭ. ಅಷ್ಟೇ ಅಲ್ಲ. ಬಿಡಿಭಾಗಗಳನ್ನೂ ರಿಪೇರಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದ ಕಾರಣಕ್ಕೆ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿ ದಂಡ ವಿಧಿಸಿತು. ಪ್ರಕರಣ ಆಮೇಲೆ ಮೇಲಿನ ನ್ಯಾಯಾಲಯಗಳ ಮೆಟ್ಟಿಲೇರಿತು, ಅದು ಬೇರೆ ಮಾತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ‘ರೈಟ್ ಟು ರಿಪೇರ್’ ಎಂಬ ಪೋರ್ಟಲನ್ನು ತೆರೆದು, ಅದರ ವ್ಯಾಪ್ತಿಯಲ್ಲಿ ವಾಹನಗಳನ್ನೂ ಸೇರಿಸಿತು. ರಿಪೇರಿ ಮಾಡಿಸಿಕೊಳ್ಳುವುದು ಒಂದು ಹಕ್ಕೆಂದು ಸರಕಾರ ಹೇಳಬೇಕಾದ ಕಾಲ ಬಂತಲ್ಲ! ಕಲಾಯಿಯವನಿಗೆ ಇದನ್ನು ಹೇಳಿದ್ದರೆ ಬೀಡಿ ಬಾಯಿಂದ ತೆಗೆದು ನಗುತ್ತಿದ್ದ.

ಹಾಗೆಂದು ಎಲ್ಲ ದೀಪವನ್ನೂ ತಿಕ್ಕುತ್ತಲೇ ಇರಿ ಎಂದು ನಾನು ಹೇಳುತ್ತಿಲ್ಲ. ಮುಚ್ಚಳ ಬಿರಿದಿದ್ದರೆ, ಒಳಗೆ ನೀರು ನಿಲ್ಲುತ್ತಿದ್ದರೆ, ಹಿಡಿದಿಡುವ ಕಿವಿಗಳು ಮುರಿದು ದೀಪ ಅಲುಗಾಡುತ್ತಿದ್ದರೆ, ಬದಲಾಯಿಸಿ. ಬೆಲೆ ಕಡಿಮೆಯೆಂದು ಸಿಗುವ ನಕಲಿ ಅಸೆಂಬ್ಲಿಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಅಂಥ ಬದಲಿ ದೀಪಗಳು ಅಸಲಿಗಿಂತ ಬೇಗ ಮಸುಕಾಗುವ ಸಂಭವ ಹೆಚ್ಚೆಂದು ಅದೇ ಎಎಎ ಪರೀಕ್ಷೆ ಹೇಳುತ್ತದೆ. ಹೊಸ ಪೆಟ್ಟಿಗೆಯ ಹೊಳಪು ಮಾಸಿದ ಮೇಲೆ ನೀವು ಮತ್ತೆ ವಾಟರ್ ಪೇಪರಿನ ಬಳಿಗೇ ಬರಬೇಕು.

ನನ್ನ ಬೇಡಿಕೆ ದೊಡ್ಡದಲ್ಲ. ಸರ್ವೀಸ್ ಸೆಂಟರುಗಳು ದರಪಟ್ಟಿಯಲ್ಲಿ ಹೆಡ್‌ಲೈಟು ತಿಕ್ಕಿ ಲೇಪಿಸುವುದಕ್ಕೆ ಒಂದು ಸಾಲು ಹಾಕಲಿ, ಅಸೆಂಬ್ಲಿಯ ಸಾಲಿನ ಪಕ್ಕದಲ್ಲಿಯೇ. ಐಟಿಐಗಳಲ್ಲಿ ವಾಹನ ವಿಭಾಗದ ಹುಡುಗರಿಗೆ ಒಂದು ಮಧ್ಯಾಹ್ನ ಇದನ್ನು ಕಲಿಸಲಿ. ವಾಟರ್ ಪೇಪರಿಗೆ ಏನು ಮಹಾ ಖರ್ಚು? 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಹೋದಾಗ ಹೊಗೆಯ ಕಾಗದ ಕೇಳುವ ಅಧಿಕಾರಿ ದೀಪದ ಮುಖವನ್ನೂ ಒಮ್ಮೆ ನೋಡಲಿ, ಮಸುಕಾಗಿದ್ದರೆ ತಿಕ್ಕಿಸಿಕೊಂಡು ಬಾ ಎಂದು ಹಿಂದೆ ಕಳುಹಿಸಲಿ. ಕಾರಿಗೆ ವಯಸ್ಸಾಯಿತೆಂದು ಮೂಗು ಮುರಿಯುವ ತಮ್ಮನ ಮಗ ಮುಂದಿನ ಸಲ ಊರಿಗೆ ಬಂದಾಗ ರಾತ್ರಿ ಒಮ್ಮೆ ನನ್ನೊಡನೆ ಹಿರಿಯಡ್ಕದವರೆಗೆ ಬರಲಿ. ಅವನ ಆರು ವರ್ಷದ ಕಾರು ಬೆಂಗಳೂರಿನ ಅಪಾರ್ಟ್‌ಮೆಂಟಿನ ಹೊರಗೆ ಬಿಸಿಲಿನಲ್ಲಿ ನಿಲ್ಲುತ್ತದೆ. ಅದರ ದೀಪಗಳನ್ನು ಕಳೆದ ದೀಪಾವಳಿಗೆ ನಾನು ನೋಡಿದ್ದೇನೆ.

ದೀಪವನ್ನು ಒಣಬಟ್ಟೆಯಿಂದ ಒರೆಸಬೇಡಿ. ಮರಳಿನ ಕಣ ಬಟ್ಟೆಗೆ ಸಿಕ್ಕಿಕೊಂಡು ಗೀರುತ್ತದೆ. ಮೊದಲು ನೀರು ಹೊಯ್ಯಿರಿ, ಆಮೇಲೆ ಒರೆಸಿರಿ. ಆದಷ್ಟು ನೆರಳಿನಲ್ಲಿ ನಿಲ್ಲಿಸಿ. ತಿಕ್ಕಿಸುವುದಾದರೆ ಮಳೆ ಹಿಡಿಯುವ ಮೊದಲು ತಿಕ್ಕಿಸಿ. ತೇವವಿರುವ ಗಾಳಿಯಲ್ಲಿ ಹೊಡೆದ ಲೇಪ ಬೆಳ್ಳಗೆ ಮಂಕಾಗುತ್ತದೆಂದು ಕಟಪಾಡಿಯವನು ಜೂನ್ ಬಂದೊಡನೆ ಈ ಕೆಲಸ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತಾನೆ. ನನ್ನ ಎಡದೀಪದ ಮೇಲಂಚಿನಲ್ಲಿ ಈಗ ಬೆರಳಗಲದ ಹಳದಿ ಕಾಣಿಸಿಕೊಂಡಿದೆ. ಎರಡು ಮಳೆಗಾಲ ತಡೆಯಿತು. ಬಲದ್ದು ಇನ್ನೂ ತಿಳಿಯಾಗಿದೆ, ಹಲಸಿನ ನೆರಳಿನ ಉಪಕಾರ. ಎಡದ್ದೊಂದಕ್ಕೇ ಸಾಕೇ ಎಂದು ಕೇಳಿದ್ದಕ್ಕೆ ಅವನು, ‘ಎರಡನ್ನೂ ಮಾಡುವ ಸರ್, ಇಲ್ಲದಿದ್ದರೆ ರಾತ್ರಿ ಒಂದು ಕಣ್ಣು ಮುಚ್ಚಿದ ಹಾಗೆ ಕಾಣ್ತದೆ’ ಎಂದು, ಏಪ್ರಿಲಿನ ಎರಡನೆಯ ವಾರ ಬರಲು ಹೇಳಿದ್ದಾನೆ.